ಕೈ ಕೆಲಸ, ಬಾಯಿ ಕೆಲಸ

ಶನಿವಾರ ಸಂಜೆ ಆರೂವರೆ. ಎಲೆಕ್ಟ್ರಿಕಲ್ ಮೆಷಿನ್ಸ್ ಅಸೈನ್‌ಮೆಂಟ್ ಬರೆಯುತ್ತಾ ಕೂತಿದ್ದೆ. ಮೊಬೈಲ್ ರಿಂಗಾಯಿತು. ಆ ಕಡೆ ನಮ್ಮೂರಿನ ಒಂದು ಬೆಣ್ಣೆದೋಸೆ ಹೋಟೆಲಿನ ಮಾಲೀಕರು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ.

‘ಗ್ರೈಂಡರ್ ನಿಂತೋಯ್ತವ್ವಾ. ಅಕ್ಕಿ ನೆನೆಸಿಟ್ಟೀನಿ. ನಾಳೆ ಭಾನುವಾರ!’

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಬೆಣ್ಣೆದೋಸೆಯ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿ, ರಾತ್ರಿಯಿಡೀ ಹುದುಗಲು ಬಿಡಬೇಕು. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯೂ ಬೀಳುತ್ತದೆ. ಶನಿವಾರ ರುಬ್ಬದಿದ್ದರೆ ಭಾನುವಾರ ಕಾವಲಿ ಬಿಸಿ ಮಾಡುವ ಹಾಗೇ ಇಲ್ಲ. ವಾರದ ಅತಿ ದೊಡ್ಡ ವ್ಯಾಪಾರ ಹೋದಂತೆ.

‘ಸ್ವಿಚ್ ಹಾಕಿದ್ರೆ ಸದ್ದು ಬರ್ತದಾ ಅಂಕಲ್?’ ಅಂದೆ.

‘ಗುಂಯ್ ಅಂತದೆ, ತಿರುಗಲ್ಲ.’

‘ಮೊದಲು ಪ್ಲಗ್ ಕಿತ್ತುಬಿಡಿ. ಬೆಲ್ಟ್ ಬಿಚ್ಚಿ ಮೋಟರಿನ ಪುಲ್ಲಿ ಕೈಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗ್ತದಾ, ಬಿಗಿ ಐತಾ?’

ಒಂದು ನಿಮಿಷ ಮೌನ. ‘ಸಲೀಸಾಗೈತೆ.’

‘ಸುಟ್ಟ ವಾಸನೆ?’

‘ಇಲ್ಲವ್ವಾ.’

ಹಾಗಾದರೆ ಬೇರಿಂಗ್ ಜಾಮ್ ಆಗಿಲ್ಲ, ವೈಂಡಿಂಗ್ ಸುಟ್ಟಿರುವ ಸಾಧ್ಯತೆ ಕಡಿಮೆ. ಉಳಿದದ್ದು ಎರಡೇ. ಕಂಡೆನ್ಸರ್ ಅಥವಾ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್. ಬ್ಯಾಗಿಗೆ ಎರಡು ಕಂಡೆನ್ಸರ್, ಎಮರಿ ಪೇಪರ್, ಸ್ಕ್ರೂಡ್ರೈವರ್ ಹಾಕಿಕೊಂಡು ಸ್ಕೂಟಿ ಹತ್ತಿದೆ. ಕಂಡೆನ್ಸರ್ರೇ ಹೋಗಿತ್ತು. ಇಪ್ಪತ್ತು ನಿಮಿಷದಲ್ಲಿ ಕಲ್ಲು ತಿರುಗಿತು. ಹೋಟೆಲಿನವರು ದುಡ್ಡು ಕೊಡುತ್ತಾ, ‘ನಿಮ್ಮಪ್ಪ ಬಂದಿದ್ರೆ ಮೋಟರ್ ಬಿಚ್ಕೊಂಡು ಅಂಗಡಿಗೆ ಹೋಗ್ತಿದ್ದ. ನಾಳೆ ಮಧ್ಯಾಹ್ನ ಸಿಗೋದು’ ಅಂದರು. ಹೊಗಳಿಕೆ ಅಂತ ಖುಷಿಯಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ನಮ್ಮಪ್ಪನ ಕೈಗೆ ನನ್ನ ಕೈ ಎಂದೂ ಸಮ ಅಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿಹೋಗಿತ್ತು. ಅದು ಗೊತ್ತಾಗಲು ನಾನು ಕಟ್ಟಿದ ಫೀಸು 6,800 ರೂಪಾಯಿ.

ಕತೆ ಮೊದಲಿಂದ ಹೇಳುತ್ತೇನೆ.

ಹಳೇ ಪಿ.ಬಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿ ನಮ್ಮದು ಮೋಟರ್ ರಿವೈಂಡಿಂಗ್ ಅಂಗಡಿ. ಒಂದು ಶಟರು, ಒಂದು ಬೆಂಚು, ಗೋಡೆ ತುಂಬಾ ನೇತು ಹಾಕಿದ ತಾಮ್ರದ ತಂತಿಯ ಸುರುಳಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ತಾತ ಹತ್ತಿ ಗಿರಣಿಯೊಂದರ ಮೋಟರ್ ವಿಭಾಗದಲ್ಲಿದ್ದವರು. ಗಿರಣಿಗಳು ಮುಚ್ಚಿದವು, ವಿದ್ಯೆ ಮನೆಗೆ ಬಂತು. ಅಪ್ಪ ಅದನ್ನೇ ಹಿಡಿದರು. ಸುಟ್ಟ ಮೋಟರಿನ ಹಳೇ ಕಾಯಿಲ್ ಕಿತ್ತು, ಸುತ್ತು ಎಣಿಸಿ, ತಂತಿಯ ಗೇಜ್ ಅಳೆದು, ಸ್ಲಾಟಿಗೆ ಇನ್ಸುಲೇಷನ್ ಪೇಪರ್ ಹೊದಿಸಿ, ಹೊಸ ಕಾಯಿಲ್ ಕೂರಿಸಿ, ದಾರದಲ್ಲಿ ಬಿಗಿದು, ವಾರ್ನಿಷ್ ಹೊಡೆದು ಒಣಗಿಸುವುದು. ಕೇಳಲು ಇಷ್ಟೇ. ಆದರೆ ಅಪ್ಪ ಎಷ್ಟನೇ ಸುತ್ತು ಎಂಬುದನ್ನು ಬೆರಳಿನ ತುದಿಯಲ್ಲೇ ಹೇಳುತ್ತಾರೆ. ನಾನು ಮಧ್ಯೆ ಮಾತಾಡಿಸಿದರೂ ಲೆಕ್ಕ ತಪ್ಪುವುದಿಲ್ಲ.

ನಾನು ಬಿಇಗೆ ಎಲೆಕ್ಟ್ರಿಕಲ್ ಆರಿಸಿಕೊಂಡಿದ್ದೂ ಆ ಅಂಗಡಿ ನೋಡಿಯೇ. ಎರಡನೇ ಸೆಮಿಸ್ಟರ್ ಮುಗಿದು ರಜೆ ಶುರುವಾದ ವಾರದಲ್ಲೇ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ಕಣ್ಣಾದ ಮೇಲೆ ಇನ್ನೊಂದು. ಧೂಳು ಬೇಡ, ಬಗ್ಗಿ ಕೆಲಸ ಮಾಡುವುದು ಬೇಡ, ಭಾರ ಎತ್ತುವುದು ಬೇಡ ಅಂದರು ಡಾಕ್ಟರು. ಅಂಗಡಿ ಬಾಡಿಗೆ ಮಾತ್ರ ರಜೆ ತೆಗೆದುಕೊಳ್ಳುವುದಿಲ್ಲವಲ್ಲ! ‘ನಾನು ನೋಡ್ಕೋತೀನಿ’ ಎಂದು ಶಟರ್ ಎತ್ತಿದೆ. ಎಂಜಿನಿಯರಿಂಗ್ ಹುಡುಗಿ, ಯೂಟ್ಯೂಬ್ ಇದೆ, ಇಷ್ಟು ವರ್ಷ ನೋಡಿದ್ದೂ ಇದೆ. ಏನು ಮಹಾ ಅನ್ನೋ ಧೈರ್ಯ.

ಮೊದಲನೇ ಸೀಲಿಂಗ್ ಫ್ಯಾನು ನಾನೇ ಸುತ್ತಿದೆ. ಎರಡು ದಿನ ಹಿಡಿಯಿತು. ಗಿರಾಕಿಯ ಮನೆಗೇ ಹೋಗಿ ಹಾಕಿಕೊಟ್ಟೆ. ಫ್ಯಾನು ತಿರುಗಿತು, ಗಾಳಿ ಬರಲಿಲ್ಲ! ಸ್ಟಾರ್ಟಿಂಗ್ ಕಾಯಿಲಿನ ತುದಿ ಅದಲು ಬದಲಾಗಿ ಜೋಡಿಸಿದ್ದರಿಂದ ಫ್ಯಾನು ಉಲ್ಟಾ ತಿರುಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತಿತ್ತು. ಆ ಮನೆಯ ಅಜ್ಜಿ ಮಂಚದ ಮೇಲೆ ಮಲಗಿ, ‘ನಿನ್ನ ಫ್ಯಾನು ದೇವರಿಗೆ ಗಾಳಿ ಬೀಸ್ತೈತೆ ನೋಡವ್ವಾ’ ಅಂದರು. ನಕ್ಕೆವು. ಅದನ್ನು ಸರಿ ಮಾಡುವುದು ಐದು ನಿಮಿಷದ ಕೆಲಸ.

ನಗು ಬಾರದ ಕೆಲಸ ಮುಂದಿನ ತಿಂಗಳು ಬಂತು. ಒಂದು ಪಿಜಿ ಹಾಸ್ಟೆಲಿನ ಬೋರ್‌ವೆಲ್ ಸಬ್‌ಮರ್ಸಿಬಲ್ ಮೋಟರ್ ಸುಟ್ಟಿತ್ತು. ಅಪ್ಪ ‘ಅದು ಬೇಡ, ವಾಪಸ್ ಕಳ್ಸು’ ಅಂದಿದ್ದರು. ನಾನು ಕೇಳಲಿಲ್ಲ. ನೀರು ತುಂಬಿದ ಮೋಟರಿಗೆ ಸಾಧಾರಣ ಎನಾಮಲ್ ತಂತಿ ನಡೆಯದು, ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಉದ್ದನೆಯ ಸ್ಲಾಟಿನೊಳಗೆ ಎಳೆದೆಳೆದು ಕೂರಿಸಬೇಕು. ಎಳೆಯುವಾಗ ಎಲ್ಲೋ ಒಂದು ಕಡೆ ಉಗುರು ತಾಗಿದಷ್ಟು ಹೊದಿಕೆ ಹರಿದಿರಬೇಕು. ಮೇಲೆ ಚೆನ್ನಾಗಿಯೇ ಓಡಿತು. ಬಾವಿಗೆ ಇಳಿಸಿದ ಮೇಲೆ ಮೆಗ್ಗರ್ ಹಿಡಿದರೆ ಸೊನ್ನೆ. ನೀರಿನೊಳಗೆ ಮೋಟರ್ ಅರ್ತ್ ಆಗಿತ್ತು. ಪೈಪು ಸಮೇತ ಮತ್ತೆ ಎತ್ತಿಸಿದ ಕೂಲಿ, ಹಾಳಾದ ತಂತಿ, ಬೇರೆ ಕಡೆ ಮಾಡಿಸಿದ ಖರ್ಚು ಎಲ್ಲಾ ಸೇರಿ 6,800 ರೂಪಾಯಿ ಕೈಯಿಂದ ಹೋಯಿತು. ಹಾಸ್ಟೆಲ್ ಹುಡುಗಿಯರು ಮೂರು ದಿನ ಟ್ಯಾಂಕರ್ ನೀರಿನಲ್ಲಿದ್ದರು. ಅದರಲ್ಲಿ ನನ್ನ ಕ್ಲಾಸಿನವಳೂ ಒಬ್ಬಳಿದ್ದಳು. ಕಾಲೇಜಿನಲ್ಲಿ ಒಂದು ವಾರ ನನ್ನ ಹೆಸರು ಏನಾಗಿತ್ತೆಂದು ಇಲ್ಲಿ ಬರೆಯುವುದಿಲ್ಲ.

ಅದೇ ಹೊತ್ತಿಗೆ ಇನ್ನೂ ಒಂದು ಪ್ರಯೋಗ ಮಾಡಿದ್ದೆ. ‘ಬಿಸಿನೆಸ್ ಅಂದ್ರೆ ಮಾರ್ಕೆಟಿಂಗ್ ಕಣೇ’ ಅಂದ ಗೆಳತಿಯ ಮಾತು ಕೇಳಿ ಇನ್‌ಸ್ಟಾಗ್ರಾಮ್ ಪೇಜು ತೆರೆದು, ರೀಲ್ಸ್ ಮಾಡಿ, 2,000 ರೂಪಾಯಿ ಕೊಟ್ಟು ಬೂಸ್ಟ್ ಮಾಡಿದೆ. ಬಂದದ್ದು ಮೂರು ಫೋನು. ಅದರಲ್ಲಿ ಎರಡು ರಿಪೇರಿಗೆ ಸಂಬಂಧಪಟ್ಟಿದ್ದೇ ಅಲ್ಲ. ಪೇಜು ಡಿಲೀಟ್ ಮಾಡಿದೆ.

ಮೂರನೇ ಸೆಮಿಸ್ಟರಿನಲ್ಲಿ ಕಾಲೇಜಿನಲ್ಲಿ ಒಂದು ಕಾರ್ಯಾಗಾರ ಇತ್ತು. ನಿಜ ಹೇಳಬೇಕೆಂದರೆ ಅಟೆಂಡೆನ್ಸ್‌ಗಾಗಿ ಕೂತಿದ್ದೆ. ಮೇಷ್ಟ್ರು ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ 1999ರಲ್ಲಿ ಬರೆದ ‘ಮ್ಯಾನೇಜಿಂಗ್ ಒನ್‌ಸೆಲ್ಫ್’ ಎಂಬ ಲೇಖನದ ವಿಚಾರ ಹೇಳಿದರು. ತಾನು ಯಾವುದರಲ್ಲಿ ಗಟ್ಟಿ ಎಂಬುದು ತನಗೆ ಗೊತ್ತು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಸಾಮಾನ್ಯವಾಗಿ ಆ ಅಂದಾಜು ತಪ್ಪಾಗಿರುತ್ತದೆ ಎನ್ನುತ್ತಾರಂತೆ ಡ್ರಕರ್. ಅದಕ್ಕೆ ಅವರು ಕೊಡುವ ದಾರಿ ತೀರಾ ಸರಳ. ಮುಖ್ಯವಾದ ಕೆಲಸ ಕೈಗೆತ್ತಿಕೊಳ್ಳುವಾಗ ಏನಾಗುತ್ತದೆಂದು ನಿರೀಕ್ಷಿಸುತ್ತೀರೋ ಬರೆದಿಡಿ. ಒಂಬತ್ತು ತಿಂಗಳೋ ವರ್ಷವೋ ಬಿಟ್ಟು, ಆದದ್ದನ್ನು ಪಕ್ಕದಲ್ಲಿಟ್ಟು ನೋಡಿ.

ನನಗೆ ತಟ್ಟನೆ ನೆನಪಾಗಿದ್ದು ನನ್ನ ಬ್ಯಾಗಿನಲ್ಲಿದ್ದ ನೋಟ್‌ಬುಕ್. ಲ್ಯಾಬ್ ರೆಕಾರ್ಡ್ ಬರೆಯುವ ಚಟದಿಂದ ಅಂಗಡಿಗೆ ಬಂದ ಪ್ರತಿ ಕೆಲಸವನ್ನೂ ನಾನು ಬರೆದಿಡುತ್ತಿದ್ದೆ. ಯಾರ ಮನೆ, ಏನು ದೂರು, ನನ್ನ ಊಹೆ ಏನು, ಬಿಚ್ಚಿದಾಗ ಇದ್ದದ್ದೇನು, ಎಷ್ಟು ಹೊತ್ತು, ಎಷ್ಟು ಉಳಿಯಿತು. ಡ್ರಕರ್ ಹೇಳಿದಂತೆ ಒಂಬತ್ತು ತಿಂಗಳು ಕಾಯುವ ತಾಳ್ಮೆ ಇರಲಿಲ್ಲ. ಮೂರೂವರೆ ತಿಂಗಳಿನ ಲೆಕ್ಕವನ್ನು ಅವತ್ತು ರಾತ್ರಿಯೇ ಹರಡಿಕೊಂಡು ಕೂತೆ.

ನಾನು ಕೈಯಾರೆ ಸುತ್ತಿದ್ದು 11 ಮೋಟರು. ವಾಪಸ್ ಬಂದದ್ದು ಐದು. ಇದು ಎದೆಗೆ ಚುಚ್ಚಿತು. ಆದರೆ ಪಕ್ಕದ ಕಾಲಂ ಬೇರೆಯೇ ಹೇಳುತ್ತಿತ್ತು. ಬರೀ ಮಾತು ಕೇಳಿ, ಬಿಚ್ಚುವ ಮೊದಲೇ ಏನು ಕೆಟ್ಟಿದೆಯೆಂದು ನಾನು ಬರೆದಿದ್ದ ಊಹೆ 64ರಲ್ಲಿ 57 ಸಲ ಸರಿಯಾಗಿತ್ತು. ಮಿಕ್ಸಿ ನಿಂತರೆ ಕಾರ್ಬನ್ ಬ್ರಷ್ಷೋ, ಓವರ್‌ಲೋಡ್ ಬಟನ್ನೋ. ಫ್ಯಾನು ನಿಧಾನವಾದರೆ ಎರಡೂವರೆ ಮೈಕ್ರೋಫ್ಯಾರಡ್ಡಿನ ಕಂಡೆನ್ಸರ್ ಸೊರಗಿದ್ದೋ, ಬೇರಿಂಗ್ ಒಣಗಿದ್ದೋ. ಪಠ್ಯದಲ್ಲಿ ಸಿಂಗಲ್ ಫೇಸ್ ಇಂಡಕ್ಷನ್ ಮೋಟರ್ ತಾನಾಗಿ ಹೊರಡುವುದಿಲ್ಲ, ಅದಕ್ಕೊಂದು ನೂಕು ಬೇಕು ಎಂಬ ಪಾಠ ಇದೆ. ಪರೀಕ್ಷೆಗೆ ಹತ್ತು ಮಾರ್ಕಿನ ಪ್ರಶ್ನೆ. ಅದೇ ಪಾಠ ನನಗೆ ‘ಗುಂಯ್ ಅಂತದಾ?’ ಎಂಬ ಪ್ರಶ್ನೆಯಾಗಿ ಬಾಯಿಗೆ ಬರುತ್ತಿತ್ತು.

ಇನ್ನೂ ಒಂದು ವಿಷಯ ಆ ಪುಟಗಳಲ್ಲಿತ್ತು. ನಾನು ಕಾಲಂ ಹಾಕಿರಲಿಲ್ಲ, ಹಾಗಾಗಿ ಕಂಡಿರಲಿಲ್ಲ. ಎರಡನೇ ಸಲ ಕರೆದವರು ಯಾರು ಅಂತ ಗುರುತು ಹಾಕುತ್ತಾ ಹೋದೆ. ಹೆಚ್ಚಿನವರು ಕೆ.ಬಿ. ಬಡಾವಣೆ, ನಿಟ್ಟುವಳ್ಳಿ ಕಡೆಯ ಮನೆಗಳ ಹೆಂಗಸರು. ಒಬ್ಬ ಆಂಟಿಗೆ ಫೋನ್ ಮಾಡಿ ನೇರವಾಗಿ ಕೇಳಿಯೇಬಿಟ್ಟೆ, ‘ನನ್ನನ್ನೇ ಯಾಕೆ ಕರೀತೀರಿ?’ ಅಂತ. ಅವರು ಒಂದು ಕ್ಷಣವೂ ಯೋಚಿಸದೆ ಹೇಳಿದರು. ‘ಅಡಿಗೆ ಮನಿ ತನಕ ನೀನು ಬಂದ್ರೆ ನಮಗೇನೂ ಅನ್ಸಲ್ಲ. ಆಮೇಲೆ ಯಾಕೆ ಕೆಡ್ತು ಅಂತ ನೀನು ಹೇಳ್ತೀಯ. ಬೇರೆಯೋರು ದುಡ್ಡು ಎಷ್ಟು ಅಂತ ಮಾತ್ರ ಹೇಳ್ತಾರೆ.’

ಹುಡುಗಿ ಎಂಬ ಕಾರಣಕ್ಕೆ ಈ ಕೆಲಸದಲ್ಲಿ ನನಗೆ ಕಷ್ಟ ಅಂತ ಎಲ್ಲರೂ ಹೇಳಿದ್ದರು, ನಾನೂ ನಂಬಿದ್ದೆ. ಅದನ್ನು ಲಾಭದ ಪಟ್ಟಿಯಲ್ಲಿ ಬರೆಯಬಹುದೆಂದು ಹೊಳೆದೇ ಇರಲಿಲ್ಲ. ಇನ್ನು ವಿವರಿಸಿ ಹೇಳುವುದು! ಮನೆಯಲ್ಲಿ ‘ಬಾಯಿ ಬಡುಕಿ’ ಅಂತ ಬೈಸಿಕೊಂಡ ಗುಣ ಅದು.

ಮರುದಿನ ಅಪ್ಪನ ಮುಂದೆ ನೋಟ್‌ಬುಕ್ ಇಟ್ಟು ಹೇಳಿದೆ. ಇನ್ನು ಮೇಲೆ ನಾನು ವೈಂಡಿಂಗ್ ಮುಟ್ಟುವುದಿಲ್ಲ. ಏನು ಕೆಟ್ಟಿದೆ ಅಂತ ಕಂಡುಹಿಡಿಯುವುದು, ಮನೆ–ಹೋಟೆಲಿಗೆ ಹೋಗಿ ಅಲ್ಲೇ ಸರಿ ಮಾಡುವುದು, ಕೆಡುವ ಮೊದಲೇ ನೋಡಿಕೊಳ್ಳುವುದು, ಇಷ್ಟು ಮಾತ್ರ ನನ್ನದು. ಸುಟ್ಟ ಮೋಟರ್ ಬಂದರೆ ನಿಮಗೆ, ನಿಮ್ಮ ಕೈಲಾಗದಷ್ಟು ಬಂದರೆ ಎರಡು ಓಣಿ ಆಚೆಯ ಅಂಗಡಿಯವರಿಗೆ.

ಅಪ್ಪನ ಕಣ್ಣು ಆಗ ಪೂರ್ತಿ ಸರಿಯಾಗಿತ್ತು. ಪುಟ ಪುಟವೂ ನೋಡಿದರು. ನಂತರ ನೋಟ್‌ಬುಕ್ ಮುಚ್ಚಿ, ‘ಅಂದ್ರೆ ಕೈ ಕೆಲಸ ಬಿಟ್ಟು ಬಾಯಿ ಕೆಲಸ ಮಾಡ್ತೀನಿ ಅಂತೀಯ’ ಅಂದರು. ಎರಡು ಓಣಿ ಆಚೆಯ ಅಂಗಡಿಯವರೂ ಅಪ್ಪನೂ ಹತ್ತು ವರ್ಷದಿಂದ ಮಾತಾಡುತ್ತಿರಲಿಲ್ಲ ಎಂಬುದು ಬೇರೆ. ಅವತ್ತು ಊಟಕ್ಕೆ ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಕೂತೆವು.

ಆ ಮಾತು ಈಗಲೂ ನನ್ನೊಳಗೆ ಇದೆ. ಮೂರು ತಲೆಮಾರಿನ ಕಸುಬು ನನ್ನಲ್ಲಿಗೆ ಬಂದು ಬರೀ ಮಾತಾಯಿತೇ ಅನಿಸುತ್ತದೆ. ಆದರೆ ಬಾಡಿಗೆ, ಫೀಸು, ಅಪ್ಪನ ಔಷಧಿ ಎಲ್ಲದಕ್ಕೂ ನೋಟ್‌ಬುಕ್ಕಿನ ಲೆಕ್ಕವೇ ಉತ್ತರ ಕೊಡಬೇಕಿತ್ತು.

ಮೊದಲ ತೊಡಕು ದುಡ್ಡಿನದು. ಮೋಟರ್ ಸುತ್ತಿದರೆ ಜನ ದುಡ್ಡು ಕೊಡುತ್ತಾರೆ, ಏಕೆಂದರೆ ಹೊಸ ತಂತಿ ಕಣ್ಣಿಗೆ ಕಾಣುತ್ತದೆ. ‘ನೋಡಿದ್ದಕ್ಕೂ ದುಡ್ಡಾ?’ ಎಂಬ ಪ್ರಶ್ನೆಗೆ ನಾನು ಮೊದಮೊದಲು ನಾಚಿಕೊಂಡು ವಾಪಸ್ ಬಂದದ್ದೇ ಹೆಚ್ಚು. ಒಂದು ಮನೆಯಲ್ಲಿ ಮಿಕ್ಸಿಯ ಕೆಂಪು ಓವರ್‌ಲೋಡ್ ಬಟನ್ ಒತ್ತಿದೆ, ಓಡಿತು. ‘ಇಷ್ಟೇನಾ?’ ಅಂದರು. ‘ಇಷ್ಟೇ’ ಅಂದು ನೀರು ಕುಡಿದು ಬಂದೆ. ಪೆಟ್ರೋಲು ನನ್ನದು. ಈಗ ಹಾಗಿಲ್ಲ. ಫೋನಿನಲ್ಲೇ ಹೇಳಿಬಿಡುತ್ತೇನೆ. ಮನೆಗೆ ಬಂದರೆ 100 ರೂಪಾಯಿ, ಸಾಮಾನು ಹಾಕಿದರೆ ಅದರ ಬೆಲೆ ಬೇರೆ, ಬಿಲ್ಲು ತೋರಿಸುತ್ತೇನೆ. ಓವರ್‌ಲೋಡ್ ಬಟನ್ ಅನಿಸಿದರೆ ಫೋನಿನಲ್ಲೇ ಒತ್ತಿಸಿಬಿಡುತ್ತೇನೆ, ಅದಕ್ಕೆ ದುಡ್ಡಿಲ್ಲ. ವಿಚಿತ್ರವೆಂದರೆ ಹೀಗೆ ಬಿಟ್ಟಿಯಾಗಿ ಸರಿಹೋದವರೇ ಮುಂದೆ ಅಕ್ಕಪಕ್ಕದ ನಾಲ್ಕು ಮನೆಗೆ ನನ್ನ ನಂಬರ್ ಕೊಟ್ಟರು.

ಜೊತೆಗೆ ಒಂದು ಚೀಟಿ. ನನ್ನ ಕನ್ನಡ ಕೈಬರಹ ಚೆನ್ನಾಗಿದೆ, ಹೈಸ್ಕೂಲಿನಲ್ಲಿ ಬಹುಮಾನ ಬಂದಿತ್ತು, ಆಮೇಲೆ ಎಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ. ನೋಡಿದ ಪ್ರತಿ ಯಂತ್ರಕ್ಕೂ ಒಂದು ಸ್ಟಿಕ್ಕರ್ ಅಂಟಿಸುತ್ತೇನೆ. ಯಾವತ್ತು ನೋಡಿದೆ, ಏನು ಬದಲಿಸಿದೆ, ಮುಂದೆ ಯಾವಾಗ ನೋಡಬೇಕು, ನಂಬರ್. ಎಲ್ಲಾ ದಪ್ಪ ಅಕ್ಷರದಲ್ಲಿ. ಇನ್‌ಸ್ಟಾಗ್ರಾಮಿಗೆ ಕೊಟ್ಟ 2,000 ರೂಪಾಯಿಯಲ್ಲಿ ಎಷ್ಟು ಸ್ಟಿಕ್ಕರ್ ಬರುತ್ತಿತ್ತು ಎಂದು ಲೆಕ್ಕ ಹಾಕಿ ಹೊಟ್ಟೆ ಉರಿಸಿಕೊಂಡಿದ್ದೂ ಇದೆ.

ಆ ಚೀಟಿಯ ತಾಕತ್ತು ಗೊತ್ತಾಗಿದ್ದು ಒಂದು ಖಾನಾವಳಿಯಲ್ಲಿ. ಹೋಟೆಲಿನವರಿಗೆ ತಿಂಗಳಿಗೊಮ್ಮೆ ಬಂದು ನೋಡುವ ಕರಾರು ಶುರು ಮಾಡಿದ್ದೆ. ಎರಡು ಗ್ರೈಂಡರಿಗೆ ತಿಂಗಳಿಗೆ 400 ರೂಪಾಯಿ. ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಬಿಗಿ ನೋಡುವುದು, ಬೇರಿಂಗ್ ಸದ್ದು ಕೇಳುವುದು, ಮೋಟರಿಗೆ ನೀರು ಸಿಡಿಯುತ್ತಿದೆಯಾ ನೋಡುವುದು, ಕೊನೆಗೆ ಮೆಗ್ಗರ್ ಹಿಡಿದು ಇನ್ಸುಲೇಷನ್ ಅಳೆಯುವುದು. ಈ ಖಾನಾವಳಿಯ ಗ್ರೈಂಡರಿನ ಇನ್ಸುಲೇಷನ್ ಪಾತಾಳಕ್ಕಿಳಿದಿತ್ತು. ಪ್ಲಗ್ ನೋಡಿದರೆ ಮೂರನೇ ಪಿನ್ನೇ ಇಲ್ಲ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ನಿಗೆ ಹೊಂದಲೆಂದು ಯಾರೋ ಮುರಿದಿದ್ದರು. ಅಂದರೆ ಅರ್ತಿಂಗ್ ಇಲ್ಲ. ಕರೆಂಟು ಬಾಡಿಗೆ ಬಂದರೆ ಅದಕ್ಕೆ ಭೂಮಿಗೆ ಹೋಗಲು ಇರುವ ದಾರಿ ಮುಂದೆ ನಿಂತ ಮನುಷ್ಯ ಮಾತ್ರ. ಆ ಮನುಷ್ಯ ಹದಿನೆಂಟು ವರ್ಷದ ಒಬ್ಬ ಹುಡುಗ, ಬರಿಗಾಲಲ್ಲಿ ಹಿಟ್ಟಿನ ನೀರಿನಲ್ಲಿ ನಿಂತಿದ್ದ.

ಮಾಲೀಕರಿಗೆ ಹೇಳಿದೆ. ಮೋಟರ್ ಬಿಚ್ಚಬೇಕು, ಮೂರು ಪಿನ್ನಿನ ಸಾಕೆಟ್ ಬೇಕು, ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ, ಕರೆಂಟು ದಾರಿ ತಪ್ಪಿದ ಕೂಡಲೇ ಅದೇ ಆಫ್ ಮಾಡುತ್ತದೆ. ‘ಇಪ್ಪತ್ತು ವರ್ಷದಿಂದ ಹಿಂಗೇ ನಡೀತಾ ಐತೆ. ಬೆಲ್ಟ್ ನೋಡು ಅಂದ್ರೆ ಮನೆ ಕಟ್ಟು ಅಂತೀಯಲ್ಲ’ ಅಂದರು. ನಾನು ಆ ತಿಂಗಳ ದುಡ್ಡು ತೆಗೆದುಕೊಳ್ಳಲಿಲ್ಲ. ಚೀಟಿಯಲ್ಲಿ ತಾರೀಖು ಬರೆಯುವ ಬದಲು ‘ಅರ್ತಿಂಗ್ ಇಲ್ಲ, ಶಾಕ್ ಹೊಡೆಯುತ್ತದೆ, ಮುಟ್ಟಬೇಡಿ’ ಎಂದು ಬರೆದು ಅಂಟಿಸಿ ಬಂದೆ. ದಾರಿಯುದ್ದಕ್ಕೂ ಒಂದು ಒಳ್ಳೇ ಗಿರಾಕಿ ಹೋಯಿತಲ್ಲಾ ಎಂದೇ ಯೋಚನೆ. ನಾಲ್ಕನೇ ದಿನ ಅವರಿಂದಲೇ ಫೋನು. ‘ಚೀಟಿ ನಾನು ಕಿತ್ತೆ. ಅಷ್ಟರೊಳಗೆ ಹುಡುಗ ಓದಿಬಿಟ್ಟಿದ್ದ. ಈಗ ಸ್ವಿಚ್ ಹತ್ರ ಬರೋಕ್ಕೇ ಒಲ್ಲೆ ಅಂತಾನೆ. ಬಂದು ಸರಿ ಮಾಡವ್ವಾ, ತಾಯಿ!’

ಮನೆಗಳಲ್ಲಿ ಬೇರೆ ಬಗೆಯ ಪ್ರಶ್ನೆ. ಗೃಹಜ್ಯೋತಿ ಬಂದ ಮೇಲೆ ಎಲ್ಲರಿಗೂ ಯೂನಿಟ್ಟಿನ ಲೆಕ್ಕ ಬಾಯಿಪಾಠ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ! ‘ಈ ತಿಂಗಳು ಯಾಕೆ ಜಾಸ್ತಿ ಬಂತು ನೋಡು’ ಎಂದು ಮಿಕ್ಸಿ ನೆಪದಲ್ಲಿ ಕರೆಯುತ್ತಾರೆ. ಕೂತು ಲೆಕ್ಕ ಹಾಕಿ ತೋರಿಸುತ್ತೇನೆ. ಹಳೇ ಫ್ಯಾನು 75 ವ್ಯಾಟ್, ದಿನಕ್ಕೆ 16 ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್, ಅಷ್ಟೇ ಹೊತ್ತಿಗೆ ಹದಿನಾಲ್ಕು ಚಿಲ್ಲರೆ ಯೂನಿಟ್. ಹೀಗೆ ಹೇಳಿದರೆ ಹಳೇ ಫ್ಯಾನು ಸುತ್ತಿಸುವವರು ಕಡಿಮೆಯಾಗುತ್ತಾರೆ, ಅಪ್ಪನ ಕೆಲಸಕ್ಕೇ ಕಲ್ಲು ಹಾಕಿದಂತೆ. ಗೊತ್ತಿದ್ದೂ ಹೇಳುತ್ತೇನೆ. ಕೇಳಿದಾಗ ಸುಳ್ಳು ಹೇಳಿದರೆ ನನ್ನ ಹತ್ತಿರ ಮಾರಲು ಬೇರೇನೂ ಉಳಿಯುವುದಿಲ್ಲ.

ಬೇಸಿಗೆಯಲ್ಲಿ ಎಸಿ ಸರ್ವೀಸಿಂಗ್ ಮಾಡು ಅಂತ ತುಂಬಾ ಜನ ಕೇಳಿದರು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದರಲ್ಲಿ ಒಳ್ಳೇ ದುಡ್ಡಿದೆ. ಗ್ಯಾಸ್ ಕೆಲಸ ನನಗೆ ಬರುವುದಿಲ್ಲ, ಬಾರದು ಅಂದೆ. ಸಬ್‌ಮರ್ಸಿಬಲ್ ನೆನಪು ಒಳ್ಳೇ ಮೇಷ್ಟ್ರು.

ನನ್ನ ಹಾಗೆ ಏನಾದರೂ ಶುರು ಮಾಡಬೇಕೆಂದಿರುವವರಿಗೆ ಒಂದೆರಡು ವ್ಯವಹಾರದ ಮಾತು. ಉದ್ಯಮ್ ನೋಂದಣಿಗೆ ಸರ್ಕಾರದ ಪೋರ್ಟಲಿನಲ್ಲಿ ಒಂದು ಪೈಸೆಯೂ ಶುಲ್ಕವಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಅದನ್ನು ಮಾಡಿಕೊಡಲು 1,500 ಕೇಳಿದ್ದರು. ಬರೀ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಚಿಂತೆಯಿಲ್ಲ. ಆ ಚಿಂತೆ ನನಗೆ ಬರಲಿ ಎಂದೇ ನನ್ನ ಆಸೆ. ಹುಡುಗಿಯರಿಗೆ ಇನ್ನೊಂದು ಮಾತು. ಹೊಸ ಮನೆಗೆ ಒಬ್ಬಳೇ ಹೋಗಬೇಡಿ. ಮೊದಲ ಸಲ ನಾನು ತಮ್ಮನನ್ನು ಕರೆದುಕೊಂಡೇ ಹೋಗುತ್ತೇನೆ, ಎಲ್ಲಿದ್ದೇನೆಂದು ಅಮ್ಮನಿಗೆ ಲೊಕೇಶನ್ ಕಳಿಸುತ್ತೇನೆ, ಫೋನಿನಲ್ಲಿ ಮನೆಯ ಹೆಂಗಸರ ದನಿ ಕೇಳದೆ ಹೊರಡುವುದಿಲ್ಲ. ಧೈರ್ಯ ಇಲ್ಲ ಅಂತ ಯಾರಾದರೂ ನಕ್ಕರೆ ನಗಲಿ.

ಈಗ ಐದನೇ ಸೆಮಿಸ್ಟರ್. 38 ಮನೆ, ಏಳು ಹೋಟೆಲ್–ಖಾನಾವಳಿ. ಖರ್ಚು ಕಳೆದು ತಿಂಗಳಿಗೆ 14,000 ರೂಪಾಯಿಯ ಆಸುಪಾಸು ಉಳಿಯುತ್ತದೆ. ಎಲ್ಲಾ ಚೆಂದ ಅಂತಲ್ಲ. ಮ್ಯಾಥ್ಸ್‌ನಲ್ಲಿ ಒಂದು ಬ್ಯಾಕ್‌ಲಾಗ್ ಇದೆ, ಅದು ಈ ಗ್ರೈಂಡರುಗಳ ಕಾಣಿಕೆ. ಅಮ್ಮನಿಗೆ ನಾನು ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಕೂರಲೇಬೇಕು. ಕೂರುತ್ತೇನೆ ಅಂದಿದ್ದೇನೆ. ಸಿಕ್ಕರೆ ಏನು ಮಾಡುತ್ತೀ ಅಂತ ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ.

ಬೇಡಿಕೆ ಹೆಚ್ಚಿದ ಮೇಲೆ ಒಬ್ಬಳಿಂದ ಆಗುವುದಿಲ್ಲ ಎನ್ನುವುದು ಖಚಿತವಾಯಿತು. ಮೊದಲು ನನ್ನ ಹಾಗೇ ಚೆನ್ನಾಗಿ ಮಾತಾಡುವ ಗೆಳತಿಯನ್ನು ಕರೆದೆ. ಇಬ್ಬರೂ ಮಾತಾಡಿದೆವು, ಯಂತ್ರ ಹಾಗೇ ಇತ್ತು! ಎರಡು ವಾರಕ್ಕೆ ಅವಳೇ ಬಿಟ್ಟಳು. ಆಮೇಲೆ ಕಣ್ಣಿಗೆ ಬಿದ್ದವನು ಎದುರು ಮನೆಯ ಹುಡುಗ. ಐಟಿಐ ಓದುತ್ತಿದ್ದಾನೆ. ನಾಲ್ಕು ಮಾತು ಕೇಳಿದರೆ ಒಂದು ಮಾತು ಆಡುತ್ತಾನೆ. ಗಿರಾಕಿಗಳ ಮುಂದೆ ನಿಲ್ಲಿಸಿದರೆ ಬೆವರುತ್ತಾನೆ. ಇಂಟರ್‌ವ್ಯೂಗಳಲ್ಲಿ ಇವನನ್ನು ಯಾರು ತಗೋತಾರೆ ಎಂದು ಅವರ ಮನೆಯಲ್ಲಿ ಚಿಂತೆ. ಆದರೆ ಬಸ್ ಟಿಕೆಟ್ ಸಿಕ್ಕರೆ ಅದರಲ್ಲಿ ಕಾಳಿನಷ್ಟು ಚಿಕ್ಕ ದೋಣಿ ಮಡಚುತ್ತಾನೆ. ಆ ಬೆರಳು ನೋಡಿದ ಮೇಲೆ ಅವನನ್ನು ಗಿರಾಕಿಗಳ ಹತ್ತಿರ ಕರೆದೊಯ್ಯುವುದು ಬಿಟ್ಟು, ಅಂಗಡಿಗೆ ಕರೆದುಕೊಂಡು ಹೋಗಿ ಅಪ್ಪನ ಬೆಂಚಿನ ಪಕ್ಕ ಸ್ಟೂಲು ಹಾಕಿ ಕೂರಿಸಿದೆ.

ಅಪ್ಪ ಮೊದಲ ವಾರ ಅವನ ಕೈಗೆ ತಂತಿಯನ್ನೇ ಕೊಡಲಿಲ್ಲ. ಸುಟ್ಟ ಕಾಯಿಲ್ ಬಿಚ್ಚಿ ಸುತ್ತು ಎಣಿಸು ಅಂದರು. ಎಣಿಸಿದ. ತಪ್ಪು ಅಂದರು. ಮತ್ತೆ ಎಣಿಸಿದ. ನನಗಾಗಿದ್ದರೆ ಎರಡನೇ ಸಲಕ್ಕೇ ಬಾಯಿ ಬಂದಿರುತ್ತಿತ್ತು, ಅವನು ನಾಲ್ಕು ಸಲ ಎಣಿಸಿದ. ಎರಡನೇ ತಿಂಗಳು ಅವನು ಸುತ್ತಿದ ಒಂದು ಟೇಬಲ್ ಫ್ಯಾನು ಹೊರಟಿತು, ಇನ್ನೂ ವಾಪಸ್ ಬಂದಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಎರಡು ಓಣಿ ಆಚೆಯ ಅಂಗಡಿಯವರು ಮೊನ್ನೆ ವಾರ್ನಿಷ್ ಕೇಳುವ ನೆಪದಲ್ಲಿ ಬಂದು, ಬಾಗಿಲಲ್ಲೇ ನಿಂತು, ಹುಡುಗನ ಕೈ ನೋಡಿಕೊಂಡು ಹೋದರು. ಅಪ್ಪ ವಾರ್ನಿಷ್ ಕೊಟ್ಟರು. ಮಾತಾಡಲಿಲ್ಲ.

ನಿನ್ನೆ ಕಾಲೇಜು ಮುಗಿಸಿ ಅಂಗಡಿಗೆ ಹೋದಾಗ ಇಬ್ಬರೂ ಬಗ್ಗಿ ಕೂತಿದ್ದರು. ಹುಡುಗ ಸುತ್ತುತ್ತಿದ್ದ, ಅಪ್ಪ ಕಣ್ಣು ಮುಚ್ಚಿ ಎಣಿಸುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. ಅಪ್ಪ ಕಣ್ಣು ಬಿಡದೆಯೇ ಕೈ ಎತ್ತಿ ನನ್ನನ್ನು ತಡೆದು, ‘ಎಂಬತ್ತೇಳು’ ಅಂದರು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ನಾನು ಹೊರಗೆ ಬಂದು, ಓಣಿಯ ತುದಿಗೆ ನಡೆಯುತ್ತಾ, ‘ಹೇಳಿ ಆಂಟಿ, ಸದ್ದು ಬರ್ತದಾ?’ ಅಂದೆ.